ಮಾತು ನಿಂತರೆ ಎಳೆಯಿರಿ

ನನ್ನ ಔಷಧದ ಅಂಗಡಿಗೆ ಜನ ಬರುವುದು ರೋಗ ಬಂದ ಮೇಲೆ. ರೋಗಕ್ಕಿಂತ ಮೊದಲೇ ಬರುತ್ತಿದ್ದ ಗಿರಾಕಿ ಅವರೊಬ್ಬರೇ. ಕಂಕುಳಲ್ಲಿ ಹಳೆಯ ಧೋತರ ಕತ್ತರಿಸಿ ಹೊಲಿದ ಕೈಚೀಲ, ಕಾಲಲ್ಲಿ ನೌಕರಿಯ ಕಾಲದ ದಪ್ಪ ಬೂಟು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿಯೇ ಮೆಟ್ಟಿಲು ಹತ್ತುತ್ತಿದ್ದರು.

“ಗಾಯಕ್ಕ ಕಟ್ಟೂ ಪಟ್ಟಿ ಕೊಡು.”

“ಎಷ್ಟ ಕೊಡ್ಲಿ ಕಾಕಾ?”

“ಎಷ್ಟ ಅದಾವ?”

“ಯಾರಿಗಿ ಏನಾಗೇತ್ರಿ?”

“ಇನ್ನಾ ಏನೂ ಆಗಿಲ್ಲ.”

ಆ ‘ಇನ್ನಾ’ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಆಗಬೇಕಾದದ್ದರ ತಾರೀಕು ತಮಗೊಬ್ಬರಿಗೇ ಗೊತ್ತು, ನಮ್ಮಂಥ ಪಾಪದವರಿಗೆ ಹೇಳಿ ಯಾಕೆ ಹೆದರಿಸಲಿ ಎನ್ನುವ ಧಾಟಿ. ಪಟ್ಟಿ, ಟಿಂಚರು, ಜ್ವರದ ಗುಳಿಗೆ, ಭೇದಿಯ ಪುಡಿ ಎಲ್ಲ ಆ ಚೀಲಕ್ಕೆ ಹೋಗುತ್ತಿದ್ದವು. ನಾನೂ ವ್ಯಾಪಾರಿಯೇ, ಮಾರಿದೆ. ಮಾರಿ ಅವರು ಮೆಟ್ಟಿಲಿಳಿದ ಮೇಲೆ ನಕ್ಕೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಬರೆಯಬೇಕಾದ ಕಡೆಯಲ್ಲೆಲ್ಲ “ಯಾಕ ಬೇಕು?” ಎಂದು ಕೇಳುತ್ತಿದ್ದ ಮನುಷ್ಯ, ಮತದಾರರ ಪಟ್ಟಿ ತಿದ್ದಲು ಬಂದ ಟೀಚರಮ್ಮನನ್ನೂ ಬಿಟ್ಟಿರಲಿಲ್ಲ. ಹೂವಿನ ಹಿಪ್ಪರಗಿಯ ನಮ್ಮ ಓಣಿಗೆ ಅವರು ಲೈನ್‌ಮನ್ ಕಾಕಾ, ಅವರ ಹೆಂಡತಿ ಕಾಕು, ಅಷ್ಟು ಸಾಕು. ಹುಟ್ಟಿದ್ದು ಅಗರಖೇಡದಲ್ಲಿ. ಇಂಡಿಯಲ್ಲಿ ಕಂಬ ಹತ್ತಲು ಕಲಿತು, ಸಿಂದಗಿ, ಮುದ್ದೇಬಿಹಾಳ ಎಂದು ವರ್ಗವಾಗುತ್ತ ಬಂದು, ಬಸವನ ಬಾಗೇವಾಡಿ ತಾಲೂಕಿನಲ್ಲಿ ನಿವೃತ್ತರಾದರು. ಕಾಕುವಿನ ತವರು ಗೊಳಸಂಗಿ ಹತ್ತಿರವೆಂದು ಇಲ್ಲಿಯೇ ಒಂದು ಹಳೆಯ ಮನೆ ಕೊಂಡು ಉಳಿದರು.

ನಡೆಯುವಾಗ ಅವರು ನೆಲ ನೋಡುತ್ತಿರಲಿಲ್ಲ, ತಂತಿ ನೋಡುತ್ತಿದ್ದರು. ಹಾಗಾಗಿ ಎಡವುತ್ತಿದ್ದರು. ಟ್ರಾನ್ಸ್‌ಫಾರ್ಮರ್ ಪಕ್ಕ ಹಾಯುವಾಗ ಒಂದು ಗಳಿಗೆ ನಿಂತು ಅದರ ಗುಂಯ್ ಶಬ್ದ ಕೇಳಿ, ಡಾಕ್ಟರರ ಹಾಗೆ ಮುಖ ಸಿಂಡರಿಸಿ ಮುಂದೆ ಹೋಗುತ್ತಿದ್ದರು. ಒಂದು ಮದುವೆಯ ಪೆಂಡಾಲಿನಲ್ಲಿ ಲೈಟಿನ ಸರಗಳ ಜೋಡಣೆ ನೋಡಿ, ಬಡಿಸಿದ ಎಲೆ ಬಿಟ್ಟು ಎದ್ದು ಬಯಲಿಗೆ ಹೋಗಿ ಕೂತದ್ದನ್ನು ನಾನೇ ಕಂಡಿದ್ದೇನೆ. ಮಾತು ಬಹಳ ಕಡಿಮೆ. ಇಬ್ಬರ ಪಾಲಿನದನ್ನೂ ಕಾಕುವೇ ಆಡುತ್ತಿದ್ದರು.

ಆದರೆ ಒಂದು ವಿಷಯಕ್ಕೆ ಮಾತ್ರ ಅವರ ಬಾಯಿ ಬಿಡುತ್ತಿತ್ತು. ಎಲ್ಲವೂ ಒಮ್ಮೆಲೇ ಬಂದ್ ಆಗುವ ದಿನ. ಅದು ಬರುತ್ತದೆ ಎನ್ನುವುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

“ನೀರಿನ ಮೋಟರ್, ಹಿಟ್ಟಿನ ಗಿರಣಿ, ಮೊಬೈಲ್ ಟಾವರ್, ಪೆಟ್ರೋಲ್ ಪಂಪ್, ನಿನ್ನ ಅಂಗಡ್ಯಾನ ಫ್ರಿಜ್, ಇವೆಲ್ಲಾ ಯಾತರ ಮ್ಯಾಲ ನಿಂತಾವ ಹೇಳು?”

“ಕರೆಂಟಿನ ಮ್ಯಾಲ್ರಿ.”

“ಕರೆಂಟ್ ಯಾತರ ಮ್ಯಾಲ ನಿಂತೈತಿ?”

“ತಂತಿ ಮ್ಯಾಲ.”

“ಆ ತಂತಿ ನಾನ ಕಟ್ಟೇನಿ. ಹ್ಯಾಂಗ ಕಟ್ಟೇನಿ ಅಂತ ನನಗ ಗೊತ್ತೈತಿ.”



ಕೊರೊನಾ ಬಂದು ಹೋದದ್ದು ಅವರ ನಂಬಿಕೆಗೆ ಮುದ್ರೆ ಒತ್ತಿದ ಹಾಗಾಯಿತು. ಆಗ ಊರೂರಿನ ದಾರಿಗೆ ಜಾಲಿಮುಳ್ಳು ಎಳೆದು, ನಡೆದು ಬಂದ ತಮ್ಮ ಊರಿನವರನ್ನೇ ಒಳಗೆ ಬಿಡದೆ ನಿಲ್ಲಿಸಿದ್ದನ್ನು ಅವರು ನೋಡಿದ್ದರು. ಅದಕ್ಕೂ ಮೊದಲು ಬೇಸಿಗೆಯಲ್ಲಿ ಕರೆಂಟ್ ಹೋದಾಗ ಜನ ಅವರ ಅಂಗಿ ಹಿಡಿದು ಜಗ್ಗಿದ್ದೂ ಉಂಟು. ಹಾಗಾಗಿ ಆ ದಿನಕ್ಕೆ ತಯಾರಾಗುವುದಾದರೆ ಒಬ್ಬರೇ ಆಗಬೇಕು, ಗುಟ್ಟಾಗಿ ಆಗಬೇಕು ಎನ್ನುವುದು ಅವರ ಖಚಿತ ಅಭಿಪ್ರಾಯ. ನಾನು ಕೆಣಕಲೆಂದೇ ಒಮ್ಮೆ ಕೇಳಿದೆ.

“ನಾಕ ಮಂದಿ ಕೂಡಿ ಮಾಡಿದ್ರ ಆಗಂಗಿಲ್ಲೇನ್ರಿ ಕಾಕಾ?”

“ನಾಕ ಮಂದಿಗಿ ಹೇಳಿದ್ರ ಮೊದಲನೇ ದಿನ ನಾಕ ಮಂದಿ ಬರ್ತಾರ. ಎರಡನೇ ದಿನ ನಲವತ್ತು. ಮೂರನೇ ದಿನ ಕಲ್ಲು ಬರ್ತಾವ.”

ಮೊಬೈಲಿನಲ್ಲಿ ಯಾವುದೋ ದೇಶದವರು ನೆಲದೊಳಗೆ ಕೋಣೆ ಕಟ್ಟಿ ಡಬ್ಬಿ ಪೇರಿಸಿಡುವ ವಿಡಿಯೊಗಳನ್ನು ನೋಡುತ್ತಿದ್ದರು. ನನಗೂ ತೋರಿಸುತ್ತಿದ್ದರು. “ನೋಡು, ಇವರು ಈಗ ಹಗೇವು ಕಂಡ ಹಿಡದಾರ” ಎಂದು ಮೂಗಿನಲ್ಲಿ ನಗುತ್ತಿದ್ದರು. ಹಗೇವು ನಮ್ಮ ಕಡೆಯವರಿಗೆ ಹೊಸದಲ್ಲ. ಜೋಳ ಕೆಡದ ಹಾಗೆ ನೆಲದೊಳಗೆ ಇಡುವ ಆಳದ ಕಣಜ. ಬಾಯಿ ಒಬ್ಬ ಇಳಿಯುವಷ್ಟು, ಒಳಗೆ ಗುಡಾಣದಂತೆ ಅಗಲ. ಸುತ್ತ ಕಣಿಕೆ, ಎಂದರೆ ಜೋಳದ ಒಣ ದಂಟು, ಒಟ್ಟಿ, ಜೋಳ ಸುರಿದು, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಈಗ ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ಅವರು ಕೊಂಡ ಮನೆಯ ಹಿತ್ತಲಲ್ಲಿ ಅಂಥದ್ದೊಂದು ಇತ್ತು. ಆ ಮನೆಯನ್ನೇ ಯಾಕೆ ಕೊಂಡರೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಒಂದು ವಸ್ತುವನ್ನು ಮಾತ್ರ ಅವರು ಹೆಚ್ಚಿಗೆ ಕೇಳುತ್ತಿರಲಿಲ್ಲ. ಕಾಕುವಿನ ಇನ್ಸುಲಿನ್. ಸಕ್ಕರೆ ಕಾಯಿಲೆಯ ಕಾಕುವಿಗೆ ದಿನವೂ ಸೂಜಿ ಬೇಕು, ಆ ಬಾಟಲಿಗೆ ತಂಪು ಬೇಕು, ಅದರ ಮೇಲೊಂದು ತಾರೀಕು ಇರುತ್ತದೆ. ಅದನ್ನು ಚೀಲಗಟ್ಟಲೆ ಒಯ್ದು ನೆಲದಲ್ಲಿ ಹೂತಿಡಲು ಬರುವುದಿಲ್ಲ. ತಿಂಗಳಿಗೊಮ್ಮೆ ಬಂದಾಗ ನನ್ನ ಫ್ರಿಜ್ಜನ್ನು ನೋಡುತ್ತಿದ್ದರು, ಅದರ ವೈರು ನೋಡುತ್ತಿದ್ದರು, ಗೋಡೆಯಲ್ಲಿನ ಪ್ಲಗ್ಗು ನೋಡುತ್ತಿದ್ದರು. ಆಮೇಲೆ ಪ್ರತಿ ತಿಂಗಳೂ ಅದೇ ಪ್ರಶ್ನೆ: “ಕರೆಂಟ್ ಹೋದ್ರ ಇದು ಎಷ್ಟ ದಿನ ತಡೀತೈತಿ?” ನಾನು ಪ್ರತಿ ತಿಂಗಳೂ ಅದೇ ಚೇಷ್ಟೆ: “ನೀವ ಅದೀರಲ್ರಿ ಕಾಕಾ, ಕಂಬ ಹತ್ತಿ ಹಚ್ಚತೀರಿ.” ಅವರು ನಗುತ್ತಿರಲಿಲ್ಲ. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಇಷ್ಟು ಕುರುಡನಾಗಿದ್ದದ್ದು ಅದೊಂದೇ ವಿಷಯದಲ್ಲಿ ಎಂದು ಹೇಳಬಹುದಿತ್ತು, ಆದರೆ ಸುಳ್ಳಾಗುತ್ತದೆ.

ಹಗೇವು ತುಂಬಿಸಲು ಅವರು ಹೂಡಿದ ಉಪಾಯ ಕೇಳಿ. ಊರಲ್ಲಿ ಜೋಳ ಕೊಂಡರೆ ಗೊತ್ತಾಗುತ್ತದಲ್ಲ? ನೌಕರಿ ಮಾಡಿದ ಊರುಗಳಲ್ಲೆಲ್ಲ ಪರಿಚಯವಿತ್ತು. ಒಮ್ಮೆ ಇಂಡಿಯಿಂದ ಒಂದೆರಡು ಚೀಲ, ಇನ್ನೊಮ್ಮೆ ಸಿಂದಗಿಯಿಂದ, ಮತ್ತೊಮ್ಮೆ ಮುದ್ದೇಬಿಹಾಳದಿಂದ. ಹೀಗೆ ಮೂರು ದಿಕ್ಕಿನಿಂದ ಟಂಟಂ ಗಾಡಿಯಲ್ಲಿ ತಾಡಪತ್ರಿ ಹೊದಿಸಿ ತರುತ್ತಿದ್ದರು. ಯಾರಾದರೂ ಕೇಳಿದರೆ “ದನದ ಹಿಂಡಿ” ಎನ್ನುತ್ತಿದ್ದರು. ಅವರ ಮನೆಯಲ್ಲಿ ಒಂದು ಆಡೂ ಇರಲಿಲ್ಲ. ಓಣಿಯ ಹೆಂಗಸರು ನೀರಿಗೆ ಹೋದಲ್ಲಿ ಬಂದಲ್ಲಿ ಆ ಕಾಣದ ದನದ ಹಾಲಿನ ಬಗ್ಗೆ ಮಾತಾಡಿ ನಗುತ್ತಿದ್ದರು.

ಅದೊಂದು ದಿನ ಕಾಕು ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ಗೊಳಸಂಗಿಗೆ ಹೋಗಿದ್ದರು. ಕಾಕುವಿನ ಇನ್ಸುಲಿನ್ ಆ ಸಲ ತಡವಾಗಿ ಬಂದದ್ದರಿಂದ ಮಧ್ಯಾಹ್ನ ಊಟಕ್ಕೆ ಹೋಗುವಾಗ ನಾನೇ ಕೊಟ್ಟು ಹೋಗೋಣವೆಂದು ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಕೂಗಿದೆ, ಉತ್ತರವಿಲ್ಲ. ಪಡಸಾಲೆಯ ಪ್ಲಗ್ಗಿನಿಂದ ಒಂದು ವೈರು ಹಿತ್ತಲಿಗೆ ಹೋಗಿತ್ತು. ಅದರ ಬೆನ್ನು ಹಿಡಿದು ಹೋದರೆ, ಹಾಸುಗಲ್ಲು ಸರಿಸಿದ ಹಗೇವು. ವೈರು ಅದರ ಬಾಯೊಳಗೆ ಇಳಿದಿತ್ತು. ಒಳಗೆ ಬಲ್ಬು ಝಗಝಗ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಅವರು ಜೋಳದ ಮೇಲೆ ನಿದ್ದೆ ಹೋದವರಂತೆ ಒರಗಿದ್ದರು, ಬಾಯಿ ತೆರೆದಿತ್ತು.

ನಾನು ಕಿರುಚುತ್ತಲೇ ಬಾಯಿಗೆ ಕಾಲು ಇಳಿಬಿಟ್ಟೆ. ಹಿಂದಿನಿಂದ ಯಾರೋ ನನ್ನ ಕಾಲರು ಹಿಡಿದು ಎಳೆದು ನೆಲಕ್ಕೆ ಕೆಡವಿದರು. ನೋಡಿದರೆ ಪಕ್ಕದ ಮನೆಯ ಮಲ್ಲಪ್ಪ ಮುತ್ಯಾ. ಹರೆಯದಲ್ಲಿ ಊರಿನ ಹಗೇವುಗಳಿಗೆಲ್ಲ ಇಳಿದು ಜೋಳ ತೆಗೆಯುತ್ತಿದ್ದ ಹಮಾಲ, ಈಗ ಒಣಗಿದ ಕಟ್ಟಿಗೆಯಂಥ ಮೈ.

“ನೀನೂ ಹೋದ್ರ ಎರಡ ಹೆಣಾ ತಗೀಬೇಕಾಗ್ತೈತಿ. ಓಣಿ ಮಂದೀನ ಕರಿ. ಕಂದೀಲಾ ತಾ, ಕೌದಿ ತಾ, ಹಗ್ಗ ತಾ. ಓಡು!”

ಓಡಿದೆ. ನನ್ನ ಅಮ್ಮ ಹೊದೆಯುವ ಕೌದಿಯನ್ನೇ ಎಳೆದುಕೊಂಡು ಬಂದರು, ಎದುರು ಮನೆಯ ಟೇಲರ್ ಹೊಲಿಯುತ್ತಿದ್ದ ಅಂಗಿ ಕೊರಳಿಗೆ ಹಾಕಿಕೊಂಡೇ ಬಂದ. ಮುತ್ಯಾ ಮೊದಲು ಕಂದೀಲು ಹಚ್ಚಿ ಹಗೇವಿಗೆ ಇಳಿಬಿಟ್ಟ. ಎರಡು ಮೊಳ ಇಳಿಯುವುದರೊಳಗೆ ಅದು ಆರಿಹೋಯಿತು. ಅದರ ಪಕ್ಕದಲ್ಲೇ ಬಲ್ಬು ಏನೂ ಆಗದಂತೆ ಉರಿಯುತ್ತಿತ್ತು. 

ಕೌದಿಯ ನಡುವಿಗೆ ಹಗ್ಗ ಕಟ್ಟಿ ಅಮ್ಮ, ಟೇಲರ್, ಮುತ್ಯಾನ ಸೊಸೆ ಅದನ್ನು ಹಗೇವಿನೊಳಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಒಳಗಿನ ಕೆಟ್ಟ ಗಾಳಿಯನ್ನು ಕಲಕಿ ಹೊರಗೆ ಹಾಕಿದರು. ಮತ್ತೆ ಕಂದೀಲು ಇಳಿಬಿಟ್ಟರೆ ಈ ಸಲ ತೂರಾಡಿತು, ಆರಲಿಲ್ಲ. ಮುತ್ಯಾ ತನ್ನ ನಡುವಿಗೆ ಹಗ್ಗ ಬಿಗಿದುಕೊಂಡ.

“ನಾ ಮಾತಾಡಕೋತ ಇಳೀತೇನಿ. ಮಾತ ನಿಂತ್ರ ಎಳೀರಿ. ಯಾಕ ಏನು ಅಂತ ಕೇಳಕೋತ ನಿಲ್ಲಬ್ಯಾಡ್ರಿ.”

ಒಳಗೆ ಇಳಿಯುತ್ತ ಮುತ್ಯಾ ಆಡಿದ ಮಾತೆಲ್ಲ ಲೈನ್‌ಮನ್ ಕಾಕಾನಿಗೆ ಬೈದ ಬೈಗುಳ. ಅಷ್ಟು ಸುಂದರವಾದ ಬೈಗುಳವನ್ನು ನಾನು ಹಿಂದೆ ಕೇಳಿರಲಿಲ್ಲ, ಒಂದೊಂದು ಬೈಗುಳಕ್ಕೂ ನಮ್ಮ ಜೀವ ಬಂದು ಹೋಗುತ್ತಿತ್ತು. ಇನ್ನೊಂದು ಹಗ್ಗಕ್ಕೆ ಅವರನ್ನು ಕಟ್ಟಿದ. ಎಲ್ಲರೂ ಕೂಡಿ ಎಳೆದೆವು.

ಬಾಗೇವಾಡಿಯ ದವಾಖಾನೆಯಲ್ಲಿ ಸಂಜೆಗೆ ಕಣ್ಣು ಬಿಟ್ಟರು. ಮೊದಲು ಹೇಳಿದ್ದು ಇಷ್ಟು: “ದೀಪಾ ಬಿಟ್ಟ ನೋಡಿದ್ನಿ. ಆರಲಿಲ್ಲ.”

ಹಗೇವಿಗೆ ಇಳಿಯುವ ಮೊದಲು ದೀಪ ಬಿಟ್ಟು ನೋಡಬೇಕು ಎಂದು ಅವರ ಅಜ್ಜ ಹೇಳಿದ್ದು ನೆನಪಿತ್ತಂತೆ. ಮೂವತ್ತು ವರ್ಷ ಲೈನ್‌ಮನ್ ಆದವರು ದೀಪ ಎಂದರೆ ಬಲ್ಬೆಂದೇ ತಿಳಿದರು. ಹೋಲ್ಡರಿಗೆ ಬಲ್ಬು ಹಾಕಿ ಇಳಿಬಿಟ್ಟರು. ಅದು ಉರಿಯಿತು. ಇಳಿದರು.

ಮಂಚದ ಪಕ್ಕದಲ್ಲಿ ಕೂತಿದ್ದ ಮುತ್ಯಾ ಅವರ ಅಂಗೈ ತಿಕ್ಕುತ್ತ ಹೇಳಿದ, “ಅದು ಬಲ್ಬೋ ತಮ್ಮಾ. ಬಲ್ಬಿಗಿ ಉಸರು ಬೇಕಾಗಿಲ್ಲ.”

ಗೊಳಸಂಗಿಯಿಂದ ಓಡಿ ಬಂದಿದ್ದ ಕಾಕು ಅಲ್ಲಿಯವರೆಗೆ ಒಂದೂ ಮಾತು ಆಡಿರಲಿಲ್ಲ. ಅದೇ ನಮಗೆ ಹೆದರಿಕೆಯಾಗಿತ್ತು. ಈಗ ಸೆರಗಿನಿಂದ ಮೂಗು ಒರೆಸಿಕೊಂಡು ಶುರುಮಾಡಿದರು.

“ಎಲ್ಲಾರೂ ಹೋಗಿ ನಾವಿಬ್ರ ಉಳೀಬೇಕಂತ ಮಾಡಿದ್ರೇನ್ರಿ? ಉಳದು ಏನ ಮಾಡೂದಿತ್ತು? ನೀವಂತೂ ಮಾತಾಡೂ ಪೈಕಿ ಅಲ್ಲ. ನಿಮ್ಮ ಚಾಡಿ ಹೇಳಾಕ ನಾ ಯಾರ ಮನೀಗಿ ಹೋಗಬೇಕಿತ್ತು?”

ಕಾಕಾ ಗೋಡೆಯ ಕಡೆ ತಿರುಗಿದರು. ಭುಜ ಅಲುಗುತ್ತಿತ್ತು. ನಾನು ಹೊರಗೆ ಬಂದು ನಿಂತೆ, ನನಗೂ ತಡೆಯಲಾಗಲಿಲ್ಲ.

ಊರಿಗೆ ಬಂದ ಮೇಲೆ ಹದಿನೈದು ದಿನ ಅವರು ಹೊರಗೆ ಕಾಲಿಡಲಿಲ್ಲ. ಗುಟ್ಟೆಲ್ಲ ಬಯಲಾಗಿತ್ತು. ಜೋಳ, ಬೀಸುವ ಕಲ್ಲು, ಸೀಮೆಎಣ್ಣೆ, ಬೀಜ, ನನ್ನ ಅಂಗಡಿಯ ಪಟ್ಟಿ ಎಲ್ಲವನ್ನೂ ಓಣಿ ಕಣ್ಣಾರೆ ಕಂಡಿತ್ತು. ಹದಿನಾರನೆಯ ದಿನ ಅದೇ ಕೈಚೀಲ ಹಿಡಿದು ಅಂಗಡಿಗೆ ಬಂದರು. ಗಿರಾಕಿಗಳು ಇರುವಾಗಲೇ ಬಂದದ್ದು ಅದೇ ಮೊದಲು. ಪಟ್ಟಿಗಳನ್ನು ಕೌಂಟರಿನ ಮೇಲೆ ಸುರಿದರು.

“ಇವು ಇಲ್ಲೇ ಇರ್ಲಿ. ಓಣ್ಯಾಗ ಯಾರಿಗಿ ಬೇಕೋ ಅವರಿಗಿ ಕೊಡು.”

“ಯಾಕ್ರಿ ಕಾಕಾ?”

“ನನ್ನ ಸರ್ವಿಸಿನ್ಯಾಗ ಎಲ್‌ಸಿ ಇಲ್ಲದ ಒಂದ ಕಂಬ ಹತ್ತಿಲ್ಲ. ಹಗೇವಿಗಿ ಎಲ್‌ಸಿ ಇಲ್ಲದ ಇಳದ್ನಿ.”

ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಮೊದಲು ಲೈನ್‌ಮನ್ ದೂರದ ಕರೆಂಟಿನ ಸ್ಟೇಷನ್ನಿಗೆ ಫೋನ್ ಹಚ್ಚಬೇಕು. ಅಲ್ಲಿರುವಾತ ಕರೆಂಟ್ ಬಂದ್ ಮಾಡಿ ‘ಎಲ್‌ಸಿ ಐತಿ, ಹತ್ತು’ ಎನ್ನಬೇಕು. ಅಲ್ಲಿಂದ ಮುಂದೆ ಹತ್ತಿದವನ ಜೀವ ಕಣ್ಣಿಗೆ ಕಾಣದ ಆ ಮನುಷ್ಯನ ಕೈಯಲ್ಲಿ. ಯಾರನ್ನೂ ನಂಬಬಾರದು ಎನ್ನುತ್ತಿದ್ದ ಇವರು ಹೊಟ್ಟೆಪಾಡಿಗೆ ಮಾಡಿದ್ದೆಲ್ಲ ಬರೀ ಅಂಥ ನಂಬಿಕೆಯ ಕೆಲಸ. ಅದನ್ನು ಅವರು ಆ ದಿನ ಕೌಂಟರಿನ ಮುಂದೆ ನಿಂತು ತಾವೇ ಲೆಕ್ಕ ಹಾಕಿ ನೋಡಿದ ಹಾಗಿತ್ತು.

ಆ ಸುಗ್ಗಿಗೆ ಓಣಿಯವರನ್ನೆಲ್ಲ ತಮ್ಮ ಕಟ್ಟೆಗೆ ಕರೆದರು. ಹಗೇವು ಇನ್ನು ಮೇಲೆ ಓಣಿಯದು, ರಾಶಿಯಾದ ಮೇಲೆ ಒಬ್ಬೊಬ್ಬರು ಕೈಲಾದಷ್ಟು ಜೋಳ ಸುರಿಯಿರಿ, ಕೆಟ್ಟ ದಿನ ಬಂದರೆ ಕೂಡಿ ತಿನ್ನೋಣ ಎಂದರು. ಜನ ಸುಮ್ಮನೆ ಒಪ್ಪುತ್ತಾರೆಯೇ? “ಜ್ವಾಳಕ್ಕ ಹುಳ ಬಿದ್ದಿರಬೇಕು, ಅದಕ್ಕ ಹಂಚಾಕ ಬಂದಾರ” ಎಂದು ಟೇಲರ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಕಾಕು ಒಳಗಿನಿಂದ ಅದೇ ಜೋಳದ ಬಿಸಿ ರೊಟ್ಟಿ ತಂದು ಎಲ್ಲರ ಕೈಗೆ ಹಾಕಿದರು. ಹಗೇವಿನ ಜೋಳದ ರೊಟ್ಟಿಗೆ ಒಂದು ವಾಸನೆ ಇರುತ್ತದೆ. ಕೆಲವರಿಗೆ ಸೇರುವುದಿಲ್ಲ, ಹಳಬರಿಗೆ ಅದಿಲ್ಲದೆ ರೊಟ್ಟಿಯೇ ಅಲ್ಲ. ಮುತ್ಯಾ ಮೂಸಿ ನೋಡಿ ಕಣ್ಣು ಮುಚ್ಚಿಕೊಂಡ. ಅಲ್ಲಿಗೆ ಸಭೆ ಮುಗಿಯಿತು.

ಯಾರು ಎಷ್ಟು ಸುರಿದರೆಂದು ಬರೆದಿಡಲು ಅವರು ಬಿಡಲಿಲ್ಲ. ಇಟ್ಟ ಕಟ್ಟಳೆ ಒಂದೇ: ಹಗ್ಗಕ್ಕೆ ನಾಲ್ಕು ಮನೆ. ನಾಲ್ಕು ಬೇರೆ ಬೇರೆ ಮನೆಯವರು ಹಗ್ಗ ಹಿಡಿಯದ ಹೊರತು ಹಗೇವಿಗೆ ಯಾರೂ ಇಳಿಯಬಾರದು. ಅದರ ಜೊತೆಗೆ ಮುತ್ಯಾನ ಕಟ್ಟಳೆ: ಮಾತು ನಿಂತರೆ ಎಳೆಯಬೇಕು.

ವರ್ಷಕ್ಕೊಮ್ಮೆ, ಹೊಸ ಜೋಳ ಬಂದಾಗ, ಹಗೇವು ತೆರೆದು ಒಂದು ದಿನ ಗಾಳಿಯಾಡಲು ಬಿಟ್ಟು, ಕಂದೀಲು ಬಿಟ್ಟು ನೋಡಿ, ಹಳೆಯದನ್ನು ತೆಗೆದು ಹಂಚಿಕೊಂಡು ಹೊಸದನ್ನು ತುಂಬುತ್ತಿದ್ದೆವು. ಇಳಿಯುವುದು ತಾವೇ ಎಂದು ಅವರು ಹಟ ಹಿಡಿದರು. ಬಾಯಿಯ ಅಂಚಿನಲ್ಲಿ ಕೂತು ಮೇಲೆ ನೋಡಿ “ಎಲ್‌ಸಿ ಐತೇನ್ರಿ?” ಎಂದು ಕೇಳುತ್ತಿದ್ದರು. ನಾವು ಹಗ್ಗ ಬಿಗಿಹಿಡಿದು “ಐತ್ರಿ!” ಎನ್ನುತ್ತಿದ್ದೆವು. ಇಳಿದ ಮೇಲೆ ಪೇಚಾಟ. ಜೀವಮಾನದಲ್ಲಿ ಮಾತಾಡದವರು ಈಗ ಗಂಟೆಗಟ್ಟಲೆ ಮಾತಾಡಬೇಕು, ಇಲ್ಲದಿದ್ದರೆ ನಾವು ಎಳೆದುಬಿಡುತ್ತಿದ್ದೆವು. ಮೊದಲ ವರ್ಷ ಇಂಡಿಯಿಂದ ಸಿಂದಗಿಯವರೆಗಿನ ಊರುಗಳ ಹೆಸರು ಹೇಳಿದರು, ಮುಗಿದವು. ವಾರಗಳ ಹೆಸರು ಹೇಳಿದರು, ಅವೂ ಮುಗಿದವು. ಆಮೇಲೆ ನೆಲದೊಳಗಿನಿಂದ ಅವರ ದನಿ ಬಂತು.

“ಆಕೀ ಸೂಜಿ ಒಂದ ದಿನ ಸಿಗಲಿಲ್ಲಂದ್ರ ಏನ ಮಾಡ್ಲಿ ಅಂತ ನನಗ ನಿದ್ದಿ ಬರೂದಿಲ್ಲ. ಜ್ವಾಳಾ ಇಟ್ನಿ, ಎಣ್ಣಿ ಇಟ್ನಿ. ಅದನ್ನ ಇಡಾಕ ಬರೂದಿಲ್ಲಲಾ.”

ಕಾಕು ನನ್ನ ಪಕ್ಕದಲ್ಲೇ ಹಗ್ಗ ಹಿಡಿದು ನಿಂತಿದ್ದರು. ಅವರ ಕೈ ಹಗ್ಗದ ಮೇಲೆ ಇನ್ನಷ್ಟು ಬಿಗಿಯಾಯಿತು. ನಾನು ತಲೆ ತಗ್ಗಿಸಿದೆ. ಪ್ರತಿ ತಿಂಗಳೂ ಅವರು ಕೇಳಿದ ಪ್ರಶ್ನೆಗೆ ಚೇಷ್ಟೆ ಮಾಡಿದ ಬಾಯಿ ನನ್ನದೇ ಅಲ್ಲವೇ? ಆ ವಾರವೇ ಕಾಕುವಿಗೆ ಬೇಕಾದ ಇನ್ಸುಲಿನ್ ಎರಡು ತಿಂಗಳಿಗೆ ಮುಂಚಿತವಾಗಿ ಅಂಗಡಿಯ ಫ್ರಿಜ್ಜಿನಲ್ಲಿ ಇರುವ ಹಾಗೆ ಮಾಡಿದೆ. ಅವರು ಮಣ್ಣಿನ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಉಸುಕು ತುಂಬಿ ನೀರು ಹಾಕಿ, ಒಳಗೆ ತಂಪು ಎಷ್ಟಿರುತ್ತದೆಂದು ನನ್ನ ಥರ್ಮಾಮೀಟರ್ ತೆಗೆದುಕೊಂಡು ಹೋಗಿ ದಿನಕ್ಕೆ ನಾಲ್ಕು ಸಲ ನೋಡಿದರು. ಕಾಕುವಿಗೆ ಜ್ವರ ಬಂದರೂ ಅಷ್ಟು ಸಲ ನೋಡಿರಲಿಕ್ಕಿಲ್ಲ.

ಇನ್ನೊಂದು ವರ್ಷ ಹಗೇವಿನೊಳಗಿಂದ ಬಂದ ಮಾತು ನನ್ನ ತಲೆಯಲ್ಲಿ ಉಳಿದಿದೆ. ಯಾವ ಊರೆಂದು ಹೇಳಲಿಲ್ಲ. ಕರೆಂಟ್ ಬರಲಿಲ್ಲವೆಂದು ಒಬ್ಬ ರೈತ ಅವರ ಕೆನ್ನೆಗೆ ಹೊಡೆದನಂತೆ. ಮರುದಿನ ಅದೇ ಊರಲ್ಲಿ ಮಳೆಗೆ ನೆನೆದ ಎರೆಮಣ್ಣಿನಲ್ಲಿ ಕಂಬ ವಾಲಿತು, ಇವರು ಬೆಲ್ಟಿಗೆ ಜೋತುಬಿದ್ದರು. ಬೇರೆ ಲೈನ್‌ಮನ್ನರು ಬರುವವರೆಗೆ ನಿಚ್ಚಣಿಕೆ ಹಿಡಿದು ಕೆಸರಿನಲ್ಲಿ ನಿಂತವನು ಆ ಹೊಡೆದವನೇ.

“ಹೊಡತಾ ನೆನಪಿಟ್ನಿ. ನಿಚ್ಚಣಿಕಿ ಮರತ್ನಿ” ಎಂದಿತು ಆ ದನಿ. “ಇಷ್ಟ ವರ್ಷ.”

ಅವರು ಹೇಳುತ್ತಿದ್ದ ಆ ದಿನ ಬಂತು, ಸಣ್ಣದಾಗಿ. ಒಂದು ಮಳೆಗಾಲದ ಕೊನೆಯಲ್ಲಿ ಹಗಲೂ ರಾತ್ರಿ ಹೊಯ್ದು, ಹಳ್ಳಗಳು ದಾರಿ ಕಡಿದು, ಕಂಬಗಳು ಸಾಲಾಗಿ ಮಲಗಿದವು. ಕರೆಂಟಿಲ್ಲ, ಟವರಿಲ್ಲ, ಬಸ್ಸಿಲ್ಲ, ಗಿರಣಿಯಿಲ್ಲ. ಎರಡನೆಯ ದಿನ ಹಗೇವು ತೆರೆದೆವು. ಮೂರನೆಯ ದಿನ ಅವರು ಬೆಳಿಗ್ಗೆಯೇ ಕಟ್ಟೆಯ ಮೇಲೆ ಬಂದು ಕೂತರು. ಅವರ ಪ್ರಕಾರ ಅದು ಕಲ್ಲು ಬರುವ ದಿನ.

ಹತ್ತು ಗಂಟೆಗೆ ಒಳಗೆ ಜಗಳವೆದ್ದಿತು. ಅವರು ಎದ್ದು ನಿಂತು, ಒಂದು ರೀತಿಯ ಸಮಾಧಾನದಿಂದಲೇ, “ಆತು ನೋಡು, ಶುರುವಾತು!” ಎಂದರು. ಹೋಗಿ ನೋಡಿದರೆ ಬೀಸುವ ಕಲ್ಲಿನ ಮುಂದೆ ನನ್ನ ಅಮ್ಮ ಮತ್ತು ಮುತ್ಯಾನ ಸೊಸೆ. ಯಾರ ಪಾಳಿ ಮೊದಲು ಎಂದು. ಎರಡೂ ಕಡೆಯ ಪೂರ್ವಜರನ್ನೆಲ್ಲ ಹೊರಗೆ ಎಳೆದರು. ಬೈದು ದಣಿದ ಮೇಲೆ ಇಬ್ಬರೂ ಎದುರುಬದುರು ಕೂತು, ಒಂದೇ ಗೂಟಕ್ಕೆ ಕೈ ಹಾಕಿ ಬೀಸತೊಡಗಿದರು. ಕಾಕಾ ಬಾಗಿಲಲ್ಲಿ ಬಹಳ ಹೊತ್ತು ನಿಂತು ಅದನ್ನೇ ನೋಡಿದರು. ಕಲ್ಲು ಬಂದದ್ದೇನೋ ನಿಜ, ಬೀಸುವುದಕ್ಕೆ.

ಆದರೆ ಆ ಮಧ್ಯಾಹ್ನ ನಿಜವಾದ ಪರೀಕ್ಷೆ ಬಂತು. ಕೆಳಗಿನ ಓಣಿಯ ಒಬ್ಬಾತ ಮೊಣಕಾಲವರೆಗೆ ಕೆಸರಾಗಿ ನನ್ನ ಅಂಗಡಿಗೆ ಬಂದ. ತಾಯಿಯ ಇನ್ಸುಲಿನ್ ಮುಗಿದಿದೆ, ಬಾಗೇವಾಡಿಗೆ ಹೋಗಲು ದಾರಿಯಿಲ್ಲ. ಅದೇ ನಮೂನೆಯದು ಊರಲ್ಲಿ ಉಳಿದದ್ದು ಕಾಕುವಿನ ಪಾಲಿನದು ಮಾತ್ರ, ಫ್ರಿಜ್ಜಿನಿಂದ ಅವರ ಮಡಕೆಗೆ ಹೋಗಿತ್ತು. ದಾರಿ ಯಾವತ್ತು ತೆರೆಯುತ್ತದೆಂದು ಯಾರಿಗ್ಗೊತ್ತು? ನಾನು ಆತನನ್ನು ಕರೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದೆ. ವಿಷಯ ಹೇಳಿದೆ. ಅವರು ಮಡಕೆ ನೋಡಿದರು. ಕಾಕುವನ್ನು ನೋಡಿದರು. ಮತ್ತೆ ಮಡಕೆ ನೋಡಿದರು.  ಕೊಡುವುದಿಲ್ಲವೆಂದರೆ ನಾನು ಏನೆನ್ನಲಿ? ಹೆಂಡತಿಯದನ್ನು ಕೊಡು ಎನ್ನುವ ಬಾಯಿ ನನಗಿದೆಯೇ?

ಕಾಕು ಬಾಯಿ ತೆರೆದರು. ಕಾಕಾ ಕೈಯೆತ್ತಿ ತಡೆದರು.

“ನಾ ಹೇಳ್ತೇನಿ ತಡಿ” ಎಂದರು. ಒದ್ದೆ ಉಸುಕು ಸರಿಸಿ ಒಂದು ಬಾಟಲಿ ತೆಗೆದು ಆತನ ಅಂಗೈಯಲ್ಲಿಟ್ಟು, ಅದರ ಮೇಲೆ ತಮ್ಮ ಅಂಗೈ ಇಟ್ಟರು. “ದಾರಿ ಬಿಟ್ಟ ಮ್ಯಾಲ ನಿಮ್ಮವ್ವಂದೂ ಎರಡ ತಿಂಗಳದ್ದು ಈ ತಮ್ಮನ ಫ್ರಿಜ್ಜಿನ್ಯಾಗ ಮುಂಚೇನ ಇರಬೇಕು. ಮತ್ತ ಸುಗ್ಗ್ಯಾಗ ಹಗ್ಗಾ ಹಿಡ್ಯಾಕ ಬಾ.”

ಆತ ತಲೆಯಾಡಿಸಿದ. ಅತ್ತ. ಅದಾಗಿ ಮೂರು ದಿನಕ್ಕೆ ದಾರಿ ಬಿಟ್ಟಿತು. ಅಷ್ಟರೊಳಗೆ ದಾರಿ ಬಿಡದಿದ್ದರೆ ಏನಾಗುತ್ತಿತ್ತು ಎಂದು ನಾನು ಆಮೇಲೆ ಒಮ್ಮೆ ಕೇಳಿದೆ. “ಇನ್ನಾ ಏನೂ ಆಗಿಲ್ಲಲಾ” ಎಂದರು. ಅದೇ ಮಾತು. ಆದರೆ ಈ ಸಲ ಹೇಳಿ ನಕ್ಕರು.

ಈ ಸಂಕ್ರಾಂತಿ ಮುಗಿದು ವಾರಕ್ಕೆ ಅವರು ಹೋದರು. ಕಟ್ಟೆಯ ಮೇಲೆ ಕೂತವರು ತಂತಿ ನೋಡುತ್ತಲೇ ಒರಗಿದರಂತೆ. ಮಣ್ಣು ಮಾಡಲು ಕೆಳಗಿನ ಓಣಿಯವರೂ ಬಂದಿದ್ದರು. ಅಷ್ಟು ಜನ ಕೂಡಿದ್ದು ನೋಡಿದ್ದರೆ ಅವರು ಖಂಡಿತ ಎದ್ದು ಬಯಲಿಗೆ ಹೋಗಿ ಕೂರುತ್ತಿದ್ದರು. ಅಳು ಬಂದಾಗಲೆಲ್ಲ ನಾನು ಇದನ್ನೇ ನೆನೆದು ಸುಧಾರಿಸಿಕೊಂಡೆ.

ಮೊನ್ನೆ ಹೊಸ ಜೋಳ ಬಂತು. ಹಗೇವು ತೆರೆದು ಒಂದು ದಿನ ಬಿಟ್ಟೆವು. ಕಂದೀಲು ಇಳಿಬಿಟ್ಟೆವು, ಆರಲಿಲ್ಲ. ಆಮೇಲೆ ಇಳಿಯುವವರು ಯಾರೆಂದು ಒಬ್ಬರ ಮುಖ ಒಬ್ಬರು ನೋಡಿದರು. ಮುತ್ಯಾನಿಗೆ ಈಗ ಇಳಿಯುವ ಶಕ್ತಿಯಿಲ್ಲ, ಗೋಡೆಗೆ ಒರಗಿ ಕೂತಿದ್ದ. ಕಾಕು ಹಗ್ಗದ ಸುರುಳಿ ತಂದು ನನ್ನ ಕೈಗೆ ಕೊಟ್ಟರು.

“ನೀ ಇಳಿ. ಇಷ್ಟ ವರ್ಷ ಮ್ಯಾಲ ನಿಂತ ನಕ್ಕದ್ದು ಸಾಕು.”

ನಡುವಿಗೆ ಹಗ್ಗ ಬಿಗಿದುಕೊಂಡು ಅಂಚಿನಲ್ಲಿ ಕೂತೆ. ಮೇಲೆ ನೋಡಿದೆ. ಕಾಕು, ಅಮ್ಮ, ಟೇಲರ್, ಕೆಳಗಿನ ಓಣಿಯ ಆತ. ನಾಲ್ಕು ಮನೆ.

“ಎಲ್‌ಸಿ ಐತೇನ್ರಿ?” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಐತಿ, ಇಳಿ” ಎಂದರು ಕಾಕು.

ಇಳಿದೆ. ಕಾಲಿಗೆ ಜೋಳ ತಾಗಿತು, ತಣ್ಣಗೆ, ಜಾರುವ ಹಾಗೆ. ಆ ವಾಸನೆ ಸುತ್ತ ಕವಿಯಿತು. ಮೇಲೆ ನೋಡಿದರೆ ರೊಟ್ಟಿಯಷ್ಟು ಆಕಾಶ, ಅದರ ಅಂಚಿಗೆ ನಾಲ್ಕು ತಲೆ. ಮಾತಾಡಬೇಕಿತ್ತು. ದಿನವಿಡೀ ಅಂಗಡಿಯಲ್ಲಿ ವಟಗುಟ್ಟುವ ನನ್ನ ಬಾಯಿಗೆ ಒಂದು ಮಾತೂ ಬರಲಿಲ್ಲ. ಹಗ್ಗ ಬಿಗಿಯಾಯಿತು.

“ಯಾಕೋ, ಮಾತ ನಿಂತ್ವು? ಎಳೀಲೇನು?”

“ಬ್ಯಾಡ್ರಿ ಕಾಕು, ಹೇಳ್ತೇನಿ” ಎಂದೆ. ಬುಟ್ಟಿಗೆ ಜೋಳ ತುಂಬುತ್ತ ಶುರುಮಾಡಿದೆ. “ನನ್ನ ಅಂಗಡಿಗಿ ಮಂದಿ ರೋಗ ಬಂದ ಮ್ಯಾಲ ಬರ್ತಾರ್ರಿ. ರೋಗ ಬರೂಕಿಂತ ಮೊದ್ಲ ಬರಾವ್ರು ಒಬ್ರ ಇದ್ರು...”

ಮೇಲೆ ಟೇಲರ್ ನಕ್ಕ. ಅಮ್ಮ ಅವನನ್ನು ಸುಮ್ಮನಿರಿಸಿದರು. ಹಗ್ಗ ಸ್ವಲ್ಪ ಸಡಿಲಾಯಿತು, ಪೂರ್ತಿ ಬಿಡಲಿಲ್ಲ.

“ಜೋರಾಗಿ ಹೇಳೋ” ಎಂದರು ಕಾಕು. “ನನಗ ಕೇಳಬೇಕು.”